ಬಿ ಸೈಡಿನ ಬೆಂಗಳೂರು

1974ರಲ್ಲಿ ಲಂಡನ್ನಿನ ಸ್ಟುಡಿಯೊ ಒಂದರಲ್ಲಿ, ಬಾಡಿಗೆಯ ಅವಧಿ ಮುಗಿಯಲು ಹತ್ತು ನಿಮಿಷ ಉಳಿದಿದ್ದಾಗ, ಎರಡೇ ಟೇಕ್‌ಗಳಲ್ಲಿ ಮುದ್ರಣವಾದ ಹಾಡೊಂದು ಮುಂದೆ 1 ಕೋಟಿ 10 ಲಕ್ಷ ಪ್ರತಿ ಮಾರಾಟವಾಯಿತು. ಹಾಡು ಯಾವುದು? ಅದನ್ನು ಮಾಡಿಸಿದವರ ಹುಟ್ಟೂರು ಯಾವುದು?

ಮೊದಲ ಭಾಗಕ್ಕೆ ಬೆಂಗಳೂರಿನ ಯಾವ ಕ್ವಿಜ್‌ನಲ್ಲಾದರೂ ಕೈ ಏಳುತ್ತದೆ. ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಲ್ಲಿ ಹುಟ್ಟಿದ ಊರು ಇದು. ಕ್ವೀನ್ಸ್ ರಸ್ತೆಯ ಕೃಷಿ ತಂತ್ರಜ್ಞರ ಸಂಸ್ಥೆಯ ಸಭಾಂಗಣದಲ್ಲಿ ಇಂಥ ಪ್ರಶ್ನೆಗಳ ಗಂಟು ಬಿಡಿಸಲು ಕಾಲೇಜು ಹುಡುಗರೂ ನಿವೃತ್ತರೂ ಒಟ್ಟಿಗೆ ಕೂರುತ್ತಾರೆ. ‘ಕುಂಗ್ ಫು ಫೈಟಿಂಗ್’, ಹಾಡಿದವರು ಕಾರ್ಲ್ ಡಗ್ಲಸ್ ಎಂಬುದು ಅವರ ಬಾಯಲ್ಲೇ ಇರುತ್ತದೆ. ಎರಡನೆಯ ಭಾಗದ ಉತ್ತರ ಮಾತ್ರ ಕೇಳಿದಾಗಲೆಲ್ಲ ನನ್ನಲ್ಲಿ ಹೆಮ್ಮೆಯನ್ನೂ ಸಂಕಟವನ್ನೂ ಒಟ್ಟಿಗೇ ಎಬ್ಬಿಸುತ್ತದೆ. ಆ ಊರು ಬೆಂಗಳೂರು. ಹಾಡಿನ ನಿರ್ಮಾಪಕ ಬಿದ್ದು ಅಪ್ಪಯ್ಯ, 1945ರ ಫೆಬ್ರುವರಿಯಲ್ಲಿ ಇಲ್ಲೇ ಹುಟ್ಟಿದ ಕೊಡವರ ಹುಡುಗ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಹಾಡುಗಳ ಸಾಲಿಗೆ ಸೇರುವಂಥದ್ದನ್ನು ಮಾಡಿದವರು ನಮ್ಮೂರಿನವರು ಎಂಬ ಸಂಗತಿ ಕ್ವಿಜ್ ಕೋಣೆಯ ಹೊರಗೆ ಎಷ್ಟು ಜನಕ್ಕೆ ಗೊತ್ತು?

ಆ ಹತ್ತು ನಿಮಿಷ ಏಕೆ ಮುಖ್ಯ ಎಂದು ತಿಳಿಯಲು ಆ ಕಾಲದ ತಟ್ಟೆಯನ್ನು ಸ್ವಲ್ಪ ನೋಡಬೇಕು. ಹಾಡುಗಳು ಆಗ ಮಾರಾಟವಾಗುತ್ತಿದ್ದುದು 7 ಅಂಗುಲದ, ನಿಮಿಷಕ್ಕೆ 45 ಸುತ್ತು ತಿರುಗುವ ‘ಸಿಂಗಲ್’ ತಟ್ಟೆಗಳಲ್ಲಿ. ಒಂದೊಂದು ಮಗ್ಗುಲಿಗೆ ಒಂದೊಂದು ಹಾಡು. ಕಂಪನಿ ನೆಚ್ಚಿಕೊಂಡ ಹಾಡು ಎ ಸೈಡಿಗೆ. ರೇಡಿಯೊದವರಿಗೆ, ಅಂಗಡಿಯವರಿಗೆ, ಪತ್ರಿಕೆಗಳಿಗೆ ಹೋಗುತ್ತಿದ್ದುದು ಅದರ ಹೆಸರು. ಹಿಂದಿನ ಮಗ್ಗುಲು ಖಾಲಿ ಬಿಡುವಂತಿಲ್ಲವಾದ್ದರಿಂದ ಅಲ್ಲೊಂದು ಹಾಡು ಬೇಕು, ಆದರೆ ಅದಕ್ಕೆ ಹಣ, ಸಮಯ ಸುರಿಯುವವರಿಲ್ಲ. ಅದೇ ಬಿ ಸೈಡ್.

ಅಪ್ಪಯ್ಯ ಅಂದು ಸ್ಟುಡಿಯೊ ಹಿಡಿದಿದ್ದು ‘ಐ ವಾಂಟ್ ಟು ಗಿವ್ ಯು ಮೈ ಎವ್ರಿಥಿಂಗ್’ ಎಂಬ ಹಾಡಿಗಾಗಿ. ಬರೆದವರು ಲ್ಯಾರಿ ವೈಸ್. ಮುಂದೆ ಗ್ಲೆನ್ ಕ್ಯಾಂಪ್‌ಬೆಲ್ ಹಾಡಿ ಹೆಸರಾದ ‘ರೈನ್‌ಸ್ಟೋನ್ ಕೌಬಾಯ್’ ಬರೆದವರೂ ಇವರೇ. ಹಾಡಲು ಬಂದವರು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಹುಟ್ಟಿದ ಕಾರ್ಲ್ ಡಗ್ಲಸ್. ಮೂರು ಗಂಟೆಯ ಬಾಡಿಗೆಯಲ್ಲಿ ಎರಡು ಗಂಟೆಗೂ ಹೆಚ್ಚು ಹೊತ್ತು ಎ ಸೈಡಿಗೇ ಹೋಯಿತು. ಹಿಂಬದಿಗೆ ಏನಾದರೂ ಬರೆದಿದ್ದೀಯಾ ಎಂದು ಅಪ್ಪಯ್ಯ ಕೇಳಿದಾಗ ಡಗ್ಲಸ್ ತೋರಿಸಿದ ಸಾಹಿತ್ಯಗಳಲ್ಲಿ ಒಂದು ಕುಂಗ್ ಫು ಕುರಿತದ್ದು. ಅಲ್ಲೇ ರಾಗ ಕೂಡಿಸಿದರು. ಹಿಂಬದಿಯ ಹಾಡು ತಾನೇ ಎಂದು ಯಾರೂ ಬಿಗಿಯಾಗಲಿಲ್ಲ. ಕರಾಟೆ ಪಟ್ಟು ಹಾಕುವವರಂತೆ ಹೂಂಕರಿಸಿದರು, ಅದೂ ಮುದ್ರಣವಾಯಿತು. ಎರಡು ಟೇಕ್, ಮುಗಿಯಿತು.

ಪೈ ರೆಕಾರ್ಡ್ಸ್ ಕಂಪನಿಯ ರಾಬಿನ್ ಬ್ಲಾಂಚ್‌ಫ್ಲವರ್ ಎರಡೂ ಹಾಡು ಕೇಳಿ ತಟ್ಟೆಯನ್ನು ಮಗುಚಿದರು, ಬಿ ಸೈಡ್ ಎ ಸೈಡ್ ಆಯಿತು. ಮೊದಮೊದಲು ರೇಡಿಯೊ ಅದನ್ನು ಮೂಸಿಯೂ ನೋಡಲಿಲ್ಲ. ಕುಣಿತದ ಕ್ಲಬ್ಬುಗಳಲ್ಲಿ ಜನ ಮತ್ತೆ ಮತ್ತೆ ಕೇಳಿ ಹಾಕಿಸಿಕೊಂಡರು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೂರು ವಾರ, ಡಿಸೆಂಬರ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಎರಡು ವಾರ ಒಂದನೇ ಸ್ಥಾನ. ಬ್ರೂಸ್ ಲೀ ಹಿಂದಿನ ವರ್ಷದ ಜುಲೈನಲ್ಲಷ್ಟೇ ತೀರಿಕೊಂಡಿದ್ದರು, ‘ಎಂಟರ್ ದ ಡ್ರ್ಯಾಗನ್’ ಅದರ ಬೆನ್ನಿಗೇ ತೆರೆಕಂಡಿತ್ತು. ಹಾಡು ಆ ಅಲೆಯ ನೆತ್ತಿಯ ಮೇಲೆ ಕೂತಿತು. 2008ರ ‘ಕುಂಗ್ ಫು ಪಾಂಡಾ’ ಸಿನಿಮಾದ ಕಾಲಕ್ಕೆ ಅದನ್ನು ಮತ್ತೆ ಹಾಡಿಸಬೇಕಾಯಿತು ಎಂದರೆ ಆ ಹತ್ತು ನಿಮಿಷದ ಆಯುಸ್ಸು ಎಷ್ಟೆಂದು ಲೆಕ್ಕ ಹಾಕಿ.

ಇದನ್ನು ಅದೃಷ್ಟ ಎಂದು ಬಿಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಉಳಿದ ಹತ್ತು ನಿಮಿಷವನ್ನು ಬಳಸಿಕೊಳ್ಳಬಲ್ಲ ಕಿವಿ ಮತ್ತು ಕೈ ಒಂದು ದಿನದಲ್ಲಿ ತಯಾರಾಗುವುದಿಲ್ಲ. ಕೊರತೆಯಲ್ಲಿ ಬೆಳೆದವರಿಗೆ ಅದು ಬರುತ್ತದೆ. ಆ ಕೊರತೆಯ ಶಾಲೆ ಇದ್ದುದು ಇಲ್ಲಿ.

1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಹಲಸೂರಿನ ಕಡೆಗೆ ಬಂದು ನೆಲೆಸಿದಾಗ ಶುರುವಾದ ದಂಡು ಪ್ರದೇಶ, ಪೇಟೆಗಿಂತ ಬೇರೆಯೇ ಊರಾಗಿ ಬೆಳೆಯಿತು. ಆಡಳಿತ ಬೇರೆ, ಬೀದಿಯ ಭಾಷೆಗಳು ಬೇರೆ. ಮೈಸೂರು ಸಂಸ್ಥಾನಕ್ಕೆ ಅದು ಮರಳಿದ್ದು 1947ರ ಜುಲೈನಲ್ಲಿ, ಎರಡೂ ಊರು ಒಂದೇ ಕಾರ್ಪೊರೇಷನ್ನಿನ ಕೆಳಗೆ ಬಂದದ್ದು 1949ರಲ್ಲಿ. ಶಿವಾಜಿನಗರದ ಉರ್ದು, ಹಲಸೂರಿನ ತಮಿಳು, ಫ್ರೇಜರ್ ಟೌನ್ ಮತ್ತು ರಿಚರ್ಡ್ಸ್ ಟೌನ್ ಮನೆಗಳ ಆಂಗ್ಲೋ ಇಂಡಿಯನ್ ಇಂಗ್ಲಿಷ್, ಕೆ.ಆರ್. ಪುರದ ಆಚೆ 1882ರಲ್ಲಿ ಆಂಗ್ಲೋ ಇಂಡಿಯನ್ನರ ವಸಾಹತಾಗಿ ಹುಟ್ಟಿದ ವೈಟ್‌ಫೀಲ್ಡ್: ಇವುಗಳ ನಡುವೆ ಪಾಶ್ಚಾತ್ಯ ಸಂಗೀತ ಯಾರೋ ತಂದಿಟ್ಟ ಅಪರೂಪದ ವಸ್ತುವಾಗಿರಲಿಲ್ಲ. ಹಲಸೂರು ಕೆರೆಯ ದಂಡೆಯ ಮದ್ರಾಸ್ ಸ್ಯಾಪರ್ಸ್‌ನ ಬ್ಯಾಂಡಿನಲ್ಲಿ, ಇಗರ್ಜಿಯ ಗಾಯನ ತಂಡದಲ್ಲಿ, ಕ್ಲಬ್ಬಿನ ಕುಣಿತದ ಸಂಜೆಯಲ್ಲಿ, ಕ್ರಿಸ್‌ಮಸ್ಸಿನ ಬೀದಿಯಲ್ಲಿ ಅದು ದಿನನಿತ್ಯದ ಸಂಗತಿ.

ಆದರೆ ಹೊಸ ಹಾಡು ಬೇಕಾದರೆ? ವಿದೇಶಿ ತಟ್ಟೆ ಸಿಗುವುದು ಅಪರೂಪ, ಸಿಕ್ಕರೂ ದುಬಾರಿ. ಆಮದು ನಿರ್ಬಂಧದ ಆ ದಶಕಗಳಲ್ಲಿ ಒಳ್ಳೆಯ ಎಲೆಕ್ಟ್ರಿಕ್ ಗಿಟಾರ್ ಎಂದರೆ ಕನಸು. ಕಲ್ಕತ್ತೆಯ ಗಿವ್ಸನ್ ಗಿಟಾರ್ ಸಿಕ್ಕರೆ ಪುಣ್ಯ. ಉಳಿದದ್ದು ರೇಡಿಯೊ ಸಿಲೋನ್. ಆಗಿನ ಹುಡುಗರು ಹಾಡು ಕಲಿತದ್ದು ಅಲೆ ಏರಿಳಿಯುವ ಆ ಶಾರ್ಟ್‌ವೇವ್ ದನಿಯಿಂದ. ಒಮ್ಮೆ ಬಂದು ಹೋಗುವ ಹಾಡು. ಮತ್ತೆ ಯಾವಾಗ ಬರುತ್ತದೋ ಗೊತ್ತಿಲ್ಲ. ಸಾಹಿತ್ಯ ಒಬ್ಬ ಗೀಚಿಕೊಳ್ಳಬೇಕು, ಸ್ವರ ಇನ್ನೊಬ್ಬ ಹಿಡಿದುಕೊಳ್ಳಬೇಕು. ಎರಡು ನಿಮಿಷ ನಲವತ್ತು ಸೆಕೆಂಡಿನಲ್ಲಿ ಒಂದು ಹಾಡಿನ ಎಲುಬಿನ ಗೂಡನ್ನು ಕಿವಿಯಲ್ಲೇ ಅಳೆದುಕೊಳ್ಳುವ ತಾಲೀಮು ಅದು. ಬಿದ್ದು ಅಪ್ಪಯ್ಯ ಹದಿಹರೆಯದಲ್ಲಿ ಕಟ್ಟಿದ ‘ಟ್ರೋಜನ್ಸ್’ ಇಂಥ ತಾಲೀಮಿನ ತಂಡ. ಅದರಲ್ಲಿ ಗಿಟಾರ್ ನುಡಿಸಿದ ಕೆನ್ ಜ್ಞಾನಕನ್ ಮುಂದೆ ದೇವತಾಶಾಸ್ತ್ರಜ್ಞರಾದರು, ಬೆಂಗಳೂರಿನಲ್ಲೇ ಆಕ್ಟ್ಸ್ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿದರು. ಜೊತೆಗಾರರು ಬಿಟ್ಟಮೇಲೆ ಅಪ್ಪಯ್ಯ ‘ಲೋನ್ ಟ್ರೋಜನ್’ ಎಂಬ ಹೆಸರಿನಲ್ಲಿ ಒಬ್ಬರೇ ಹಾಡಿದರು. ಕಲ್ಕತ್ತೆಯ ಟ್ರಿಂಕಾಸ್ ರೆಸ್ಟೊರೆಂಟಿನಲ್ಲಿ ಹಾಡಿದರು, ಮುಂಬೈಗೆ ಹೋದರು. 1967ರಲ್ಲಿ ಬೀಟಲ್ಸ್‌ರನ್ನು ನೋಡಲೇಬೇಕೆಂಬ ಹಂಬಲ ಹೊತ್ತು, ಮಧ್ಯಪ್ರಾಚ್ಯದ ದಾರಿಯಲ್ಲಿ ಲಿಫ್ಟ್ ಕೇಳುತ್ತ ಇಂಗ್ಲೆಂಡ್ ಸೇರಿದರು.

ಆ ಹೊತ್ತಿಗೆ ಇಂಗ್ಲೆಂಡಿನ ಪಟ್ಟಿಗಳಲ್ಲಿ ಭಾರತದಲ್ಲಿ ಹುಟ್ಟಿದವರು ಕಡಿಮೆ ಇರಲಿಲ್ಲ. ಲಖನೌದಲ್ಲಿ ಹುಟ್ಟಿದ ಹ್ಯಾರಿ ವೆಬ್ ಕ್ಲಿಫ್ ರಿಚರ್ಡ್ ಆಗಿದ್ದರು. ಮದ್ರಾಸಿನಲ್ಲಿ ಹುಟ್ಟಿದ ಆರ್ನಾಲ್ಡ್ ಡಾರ್ಸಿ, ಎಂಗಲ್‌ಬರ್ಟ್ ಹಂಪರ್‌ಡಿಂಕ್ ಎಂಬ ಹೆಸರಿನಲ್ಲಿ ಹಾಡಿದ ‘ರಿಲೀಸ್ ಮಿ’ 1967ರಲ್ಲಿ ಬೀಟಲ್ಸ್‌ರ ‘ಪೆನ್ನಿ ಲೇನ್’ ಮತ್ತು ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಜೋಡಿ ತಟ್ಟೆಯನ್ನೇ ಒಂದನೇ ಸ್ಥಾನಕ್ಕೆ ಹತ್ತಗೊಡಲಿಲ್ಲ. ದಿಲ್ಲಿಯಲ್ಲಿ ಹುಟ್ಟಿದ ಪೀಟರ್ ಸಾರ್‌ಸ್ಟೆಡ್ 1969ರಲ್ಲಿ ಒಂದನೇ ಸ್ಥಾನಕ್ಕೇರಿದರು. ಆದರೆ ಇವರೆಲ್ಲ ಮೈಕಿನ ಮುಂದೆ ನಿಂತವರು. ಬೆಂಗಳೂರಿನವರು ನಿಂತದ್ದು ಗಾಜಿನ ಆಚೆ, ಹಾಡನ್ನು ಕಟ್ಟುವ ಜಾಗದಲ್ಲಿ. ಆ ಜಾಗಕ್ಕೆ ಏಷ್ಯಾದವರನ್ನು ಆಗ ಯಾರೂ ಕರೆದು ಕೂರಿಸುತ್ತಿರಲಿಲ್ಲ.

ಅಲ್ಲಿ ಅಪ್ಪಯ್ಯನವರ ಆರಂಭದ ಕೆಲಸಗಳಲ್ಲಿ ಒಂದು, 1969ರಲ್ಲಿ ಜಪಾನಿನ ‘ದ ಟೈಗರ್ಸ್’ ತಂಡಕ್ಕೆ ಮಾಡಿಕೊಟ್ಟ ‘ಸ್ಮೈಲ್ ಫಾರ್ ಮಿ’. ಹಾಡು ಬರೆದವರು ಬೀ ಜೀಸ್ ತಂಡದ ಬ್ಯಾರಿ ಮತ್ತು ಮಾರಿಸ್ ಗಿಬ್. ಎಂಟು ವರ್ಷದ ನಂತರ ಅದೇ ಬೀ ಜೀಸ್ ‘ಸ್ಯಾಟರ್‌ಡೇ ನೈಟ್ ಫೀವರ್’ ಸಿನಿಮಾಕ್ಕೆ ಹಾಡಿ ಡಿಸ್ಕೋ ದೊರೆಗಳಾದರು. ಅಂದರೆ ಡಿಸ್ಕೋ ಎಂಬ ಮಾತು ಚಾಲ್ತಿಗೆ ಬರುವ ಮುನ್ನ, ಅದನ್ನು ಆಳಲಿದ್ದ ಅಪ್ಪಯ್ಯ ಮತ್ತು ಬೀ ಜೀಸ್ ಕೈ ಒಂದು ಜಪಾನಿ ತಂಡದ ತಟ್ಟೆಯ ಮೇಲೆ ಕೂಡಿತ್ತು.       

ಈಗ ಸಂಕಟದ ಮಾತಿಗೆ ಬರುತ್ತೇನೆ. ಬೆಂಗಳೂರು ತನ್ನನ್ನು ರಾಕ್ ನಗರಿ ಎಂದು ಕರೆದುಕೊಳ್ಳುತ್ತದೆ. ಬ್ರಿಗೇಡ್ ರಸ್ತೆಯ ಪಕ್ಕದ ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ತೆರೆದ ಪೆಕೋಸ್ ಪಬ್ಬಿನ ಗೋಡೆಗಳಿಂದ ಹಿಡಿದು ಇಂದಿರಾನಗರದ ಟೀ ಶರ್ಟ್ ಅಂಗಡಿಗಳವರೆಗೆ ಆ ನಿಷ್ಠೆ ಕಾಣುತ್ತದೆ. ರಾಕ್ ನಿಷ್ಠರಿಗೆ ಡಿಸ್ಕೋ ಎಂದರೆ ಕುಣಿತಕ್ಕೆ ಮಾಡಿದ ಅಗ್ಗದ ಮಾಲು. ಅಪ್ಪಯ್ಯ ಗಿಟಾರ್ ಸೊಲೊ ನುಡಿಸಿದವರಾಗಿದ್ದರೆ ಅವರ ಹೆಸರಿನಲ್ಲಿ ಇಲ್ಲಿ ಉತ್ಸವಗಳು ನಡೆಯುತ್ತಿದ್ದವು. ಡಿಸ್ಕೋ ಮಾಡಿದರು, ಮರೆತೆವು.

ಈ ಮೂಗು ಮುರಿಯುವಿಕೆ ನಮ್ಮದಷ್ಟೇ ಅಲ್ಲ. 1979ರ ಜುಲೈ 12ರಂದು ಷಿಕಾಗೊದ ಕೊಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ರೇಡಿಯೊ ನಿರೂಪಕ ಸ್ಟೀವ್ ಡಾಲ್, ಎರಡು ಪಂದ್ಯಗಳ ನಡುವಿನ ವಿರಾಮದಲ್ಲಿ ಡಿಸ್ಕೋ ತಟ್ಟೆಗಳ ರಾಶಿಯನ್ನು ಸ್ಫೋಟಿಸಿದರು. ಜನ ಮೈದಾನಕ್ಕೆ ನುಗ್ಗಿದರು, ಎರಡನೆಯ ಪಂದ್ಯ ಆಡಲಾಗಲೇ ಇಲ್ಲ. ಆ ತಟ್ಟೆಗಳಲ್ಲಿ ಹಾಡಿದವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಕಲಾವಿದರು. ಆ ಬೆಂಕಿಯಲ್ಲಿ ಸಂಗೀತದ ಅಭಿರುಚಿ ಮಾತ್ರ ಉರಿಯಲಿಲ್ಲ.

ಆದರೆ ಅದೇ ವರ್ಷದ ಕೊನೆಗೆ ಏನಾಯಿತು ನೋಡಿ. ರಾಕ್ ನಿಷ್ಠರ ಪಾಲಿಗೆ ಪರಮ ಪವಿತ್ರವಾದ ಪಿಂಕ್ ಫ್ಲಾಯ್ಡ್, ‘ಅನದರ್ ಬ್ರಿಕ್ ಇನ್ ದ ವಾಲ್’ ಎರಡನೆಯ ಭಾಗವನ್ನು ಬಿಡುಗಡೆ ಮಾಡಿತು. ಅದರ ಡ್ರಮ್ ಕೇಳಿ. ಪ್ರತಿ ಹೆಜ್ಜೆಗೂ ದೊಡ್ಡ ಡ್ರಮ್ಮಿನ ಒಂದು ಪೆಟ್ಟು. ಭಜನೆಯ ತಾಳ ಹಿಡಿದಂತೆ, ಎಲ್ಲೂ ತಪ್ಪದೆ, ಯಾರ ಕಾಲಿಗೂ ನಿಲುಕುವಂತೆ. ಅದು ಶುದ್ಧ ಡಿಸ್ಕೋ. ನಿರ್ಮಾಪಕ ಬಾಬ್ ಎಜ್ರಿನ್ ಗಿಟಾರ್ ವಾದಕ ಡೇವಿಡ್ ಗಿಲ್ಮರ್‌ಗೆ ಕ್ಲಬ್ಬುಗಳಿಗೆ ಹೋಗಿ ಡಿಸ್ಕೋ ಕೇಳಿ ಬಾ ಎಂದಿದ್ದರು. ಗಿಲ್ಮರ್ ಹೋದರು, ಇಷ್ಟವಾಗಲಿಲ್ಲ, ಆದರೂ ಹಾಡಿಗೆ ಆ ನಡೆಯೇ ಬಂತು. ಹಾಡಿನಲ್ಲಿರುವ ಮಕ್ಕಳ ದನಿ ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ 23 ಮಕ್ಕಳದ್ದು, ಒಂದರ ಮೇಲೊಂದು ಪದರವಾಗಿ ಮುದ್ರಿಸಿ ದೊಡ್ಡ ಗುಂಪಿನಂತೆ ಕೇಳಿಸಿದ್ದು. ಆ ತಂಡದ ರೋಜರ್ ವಾಟರ್ಸ್ 2002ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ಹಾಡಿದಾಗ ದಂಡಿನ ಕಡೆಯ ರಾಕ್ ಪ್ರಿಯರು ದಂಡುಗಟ್ಟಿ ಹೋದರು. ಡಿಸ್ಕೋವನ್ನು ಒಪ್ಪದವರ ಕಾಲು ಕೂಡ ಅಂದು ಆ ತಾಳಕ್ಕೆ ಆಡದಿರಲು ಸಾಧ್ಯವಿರಲಿಲ್ಲ.

ಬೆಂಗಳೂರಿನ ರಾಕ್ ಕಥೆಯನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದೂ ನನಗೆ ಪ್ರಿಯವಾದದ್ದೇ. ಇಲ್ಲಿ ಗಿಟಾರ್ ಹಿಡಿದ ಯಾರ ಬೆರಳೂ ಮೊದಲು ಹುಡುಕಿದ್ದು ಡೀಪ್ ಪರ್ಪಲ್‌ನ ‘ಸ್ಮೋಕ್ ಆನ್ ದ ವಾಟರ್’ ಆರಂಭದ ಸ್ವರಗಳನ್ನು. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಜಪ್ಪಾ ಕಛೇರಿಯ ನಡುವೆ ಕ್ಯಾಸಿನೊ ಹೊತ್ತಿ ಉರಿದದ್ದನ್ನು ಕಂಡು ಬರೆದ ಹಾಡು ಅದು. ‘ಹೋಟೆಲ್ ಕ್ಯಾಲಿಫೋರ್ನಿಯಾ’ ಇಲ್ಲದ ಕಾಲೇಜು ಉತ್ಸವವನ್ನು ಈ ಊರು ಕಂಡಿಲ್ಲ. ಈಗಲ್ಸ್ ತಂಡದ ಡಾನ್ ಫೆಲ್ಡರ್ ಅದರ ರಾಗವನ್ನು ಮೊದಲು ಟೇಪ್‌ನಲ್ಲಿ ಕೊಟ್ಟಾಗ ಜೊತೆಗಾರರು ಅದಕ್ಕಿಟ್ಟ ಹೆಸರು ‘ಮೆಕ್ಸಿಕನ್ ರೆಗ್ಗೆ’. ಮೊದಲು ಹಿಡಿದ ಶ್ರುತಿ ಹಾಡುವ ಡಾನ್ ಹೆನ್ಲಿಗೆ ಎಟಕದೆ ಶ್ರುತಿ ಇಳಿಸಿ ಮತ್ತೆ ಮುದ್ರಿಸಬೇಕಾಯಿತು. ಕಾಲೇಜು ವೇದಿಕೆಗಳಲ್ಲಿ ಆ ಹಾಡಿನ ಮೇಲುಸ್ವರಕ್ಕೆ ಗಂಟಲು ಕೈಕೊಟ್ಟವರು ಹೆನ್ಲಿಯ ಕಷ್ಟವನ್ನು ನೆನೆದು ಸಮಾಧಾನಪಡಬಹುದು.

1970 ಮತ್ತು 1971ರಲ್ಲಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ದೇಶದ ಹುಡುಗರ ಬ್ಯಾಂಡ್‌ಗಳನ್ನು ಒಂದೆಡೆ ಸೇರಿಸಿತು. ನಡೆಸಿದ್ದು ಸಿಮ್ಲಾ ಸಿಗರೇಟಿನ ಇಂಪೀರಿಯಲ್ ಟೊಬ್ಯಾಕೊ ಕಂಪನಿ, ಇಂದಿನ ಐಟಿಸಿ. ಆ ಕಂಪನಿಯ ಹಳೆಯ ಕಾರ್ಖಾನೆಯೊಂದು ಇದ್ದುದು ನಮ್ಮ ಪುಲಕೇಶಿನಗರ, ಕಾಕ್ಸ್ ಟೌನ್ ಆಸುಪಾಸಿನಲ್ಲೇ. ಆ ಸ್ಪರ್ಧೆಯ ತಂಡಗಳ ಹಾಡು ತುಂಬಿದ ಎರಡು ಎಲ್‌ಪಿ ತಟ್ಟೆಗಳು ಇಂದು ಯೂರೋಪಿನ ಸಂಗ್ರಾಹಕರು ದೊಡ್ಡ ಬೆಲೆ ಕೊಟ್ಟು ಕೊಳ್ಳುವ ಮಾಲು. ಶಿವಾಜಿನಗರದ ಗುಜರಿಗಳಲ್ಲಿ ಹಳೆ ತಟ್ಟೆಗಳ ಕಟ್ಟು ಕಂಡರೆ ನಾನು ಮೊದಲು ಹುಡುಕುವುದು ಅವನ್ನೇ.

ಅದೇ ಕಾಲಕ್ಕೆ ಬೆಂಗಳೂರಿನಲ್ಲಿ ‘ಹ್ಯೂಮನ್ ಬಾಂಡೇಜ್’ ಎಂಬ ತಂಡವಿತ್ತು. ಗಿಟಾರ್ ಸುರೇಶ್ ಶೋಟ್ಟಂ, ಡ್ರಮ್ಸ್ ಅವರ ಸಹೋದರ ರಮೇಶ್ ಶೋಟ್ಟಂ, ಹಾಡು ರಾಧಾ ಥಾಮಸ್. ನನಗೆ ಇವರ ಕಥೆ ಯಾವ ಹಿಟ್ ಪಟ್ಟಿಗಿಂತ ಹೆಚ್ಚು ಹಿಡಿಸುತ್ತದೆ. ರಾಕ್ ಡ್ರಮ್ಸ್ ಬಾರಿಸುತ್ತಿದ್ದ ರಮೇಶ್, ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಹೋಗಿ ತವಿಲ್ ಕಲಿತರು. ಮುಂದೆ ಜರ್ಮನಿಯ ಕೊಲೋನ್‌ನಲ್ಲಿ ನೆಲೆಸಿ ಯೂರೋಪಿನ ಜಾಝ್ ವೇದಿಕೆಗಳಿಗೆ ತವಿಲ್, ಘಟಗಳನ್ನು ಒಯ್ದರು. ಮಣಿಯವರ ಅದೇ ಶಾಲೆಯ ತಂಡ, ಆರ್.ಎ. ರಮಾಮಣಿಯವರ ಗಾಯನದೊಂದಿಗೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ಮಾಡಿದ ‘ಜ್ಯೋತಿ’ ಎಂಬ ಆಲ್ಬಂ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ರಾಧಾ ಥಾಮಸ್ ನ್ಯೂಯಾರ್ಕಿಗೆ ಹೋದರು. ಜಪಾನಿನ ಗಿಟಾರ್ ವಾದಕ ರ್‍ಯೋ ಕವಾಸಾಕಿಯ 1979ರ ‘ಮಿರರ್ ಆಫ್ ಮೈ ಮೈಂಡ್’ ಆಲ್ಬಮ್ಮಿನಲ್ಲಿ ಕೇಳುವ ಹೆಣ್ಣುದನಿ ಅವರದ್ದು. ಸಿನಿಮಾ ಬಲ್ಲವರಿಗೆ ಇನ್ನೊಂದು ಕೊಂಡಿ: ಆ ತಲೆಮಾರಿನ ಬೆಂಗಳೂರಿನ ಗಿಟಾರ್ ವಾದಕ ಕೊನಾರಕ್ ರೆಡ್ಡಿ, ‘ಸಂಸ್ಕಾರ’ ನಿರ್ದೇಶಿಸಿದ ಪಟ್ಟಾಭಿರಾಮ ರೆಡ್ಡಿ ಮತ್ತು ಅದರಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರ ಮಗ. ಕನ್ನಡದ ಹೊಸ ಅಲೆಯ ಸಿನಿಮಾ ಮತ್ತು ದಂಡಿನ ಗಿಟಾರ್ ಒಂದೇ ಮನೆಯಲ್ಲಿದ್ದವು. ದಂಡು ಬೇರೆ, ಕನ್ನಡ ಬೇರೆ ಎಂದು ಗೆರೆ ಎಳೆಯುವವರು ಆ ಮನೆಯನ್ನು ಎಲ್ಲಿ ಇಡುತ್ತಾರೆ?

ಅಪ್ಪಯ್ಯನವರ ಎಳೆಗೆ ಮರಳೋಣ. 1976ರ ಮಾರ್ಚಿನಲ್ಲಿ ಅವರು ನಿರ್ಮಿಸಿದ, ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಬ್ರಿಟನ್ನಿನಲ್ಲಿ ಮೂರು ವಾರ ಒಂದನೇ ಸ್ಥಾನದಲ್ಲಿತ್ತು. ಟೀನಾ ಜೊತೆ ವೇದಿಕೆಯಲ್ಲಿ ನುಡಿಸುತ್ತಿದ್ದ ತಂಡದಲ್ಲಿ ಬಾಸ್ ಗಿಟಾರ್ ಹಿಡಿದಿದ್ದ ಯುವಕ ಟ್ರೆವರ್ ಹಾರ್ನ್, ಕೀಬೋರ್ಡಿನಲ್ಲಿದ್ದವರು ಜೆಫ್ ಡೌನ್ಸ್. ಅಪ್ಪಯ್ಯ ಹಾಡು ಕಟ್ಟುವ ಬಗೆಯನ್ನು ಹತ್ತಿರದಿಂದ ಕಂಡ ಹಾರ್ನ್ ತಾನೂ ನಿರ್ಮಾಪಕನಾಗಲು ಹೊರಟರು. ಹಾರ್ನ್, ಡೌನ್ಸ್ ಸೇರಿ ‘ದ ಬಗಲ್ಸ್’ ಆದರು. 1979ರಲ್ಲಿ ಅವರು ಮಾಡಿದ ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’, 1981ರ ಆಗಸ್ಟ್ 1ರಂದು ಎಂಟಿವಿ ಶುರುವಾದಾಗ ತೋರಿಸಿದ ಮೊತ್ತಮೊದಲ ವಿಡಿಯೊ. ಆ ವಿಡಿಯೊದಲ್ಲಿ ಕೀಬೋರ್ಡುಗಳ ಹಿಂದೆ ಒಂದು ಕ್ಷಣ ಕಾಣುವ ಯುವಕ ಹಾನ್ಸ್ ಜಿಮ್ಮರ್, ಮುಂದೆ ‘ದ ಲಯನ್ ಕಿಂಗ್’ ಸಂಗೀತಕ್ಕೆ ಆಸ್ಕರ್ ಗೆದ್ದವರು. ಎಂಟಿವಿಯ ಮೊದಲ ಹಾಡಿಗೂ ಬೆಂಗಳೂರಿಗೂ ನಡುವೆ ಇರುವುದು ಎರಡೇ ಕೈಕುಲುಕು.

ಇದೆಲ್ಲ ದೂರದ ಮಾತಾಯಿತು ಎನ್ನುವವರಿಗೆ 1980ರ ‘ಕುರ್ಬಾನಿ’ ಇದೆ. ಆ ಚಿತ್ರದ ನಿರ್ಮಾಪಕ, ನಿರ್ದೇಶಕ, ನಾಯಕ ಫಿರೋಜ್ ಖಾನ್. ಅವರು ಹುಟ್ಟಿದ್ದು 1939ರಲ್ಲಿ, ಬೆಂಗಳೂರಿನಲ್ಲಿ. ಓದಿದ ಶಾಲೆಗಳಲ್ಲಿ ಬಿಷಪ್ ಕಾಟನ್ ಮತ್ತು ಫ್ರೇಜರ್ ಟೌನ್ ಬದಿಯ ಸೇಂಟ್ ಜರ್ಮೇನ್ಸ್ ಇವೆ. ಚಿತ್ರದ ಹಾಡುಗಳಿಗೆಲ್ಲ ಕಲ್ಯಾಣ್‌ಜಿ ಆನಂದ್‌ಜಿ ಇದ್ದರು, ಆದರೆ ಒಂದೇ ಒಂದು ಹಾಡಿಗೆ ಖಾನ್ ಲಂಡನ್ನಿನ ಬೆಂಗಳೂರಿಗನ ಬಾಗಿಲು ತಟ್ಟಿದರು. ಹಾಡಲು ಖಾನ್ ಸೂಚಿಸಿದ್ದು ಒಂದು ಔತಣಕೂಟದಲ್ಲಿ ಕಂಡ, ಕರಾಚಿ ಮೂಲದ ಹದಿನೈದರ ಹುಡುಗಿ ನಾಜಿಯಾ ಹಸನ್‌ಳನ್ನು. ‘ಆಪ್ ಜೈಸಾ ಕೋಯಿ’ ಲಂಡನ್ನಿನಲ್ಲಿ ಮುದ್ರಣವಾಯಿತು. ಮುಂಬೈನಲ್ಲಿ ಆಗ ವಾದ್ಯಮೇಳವೂ ಗಾಯಕರೂ ಒಟ್ಟಿಗೆ ಕೂತು ಒಂದೇ ಉಸಿರಿಗೆ ಮುಗಿಸುವುದು ರೂಢಿ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. ಲಂಡನ್ನಿನಲ್ಲಿ ಡ್ರಮ್ಸ್, ಬಾಸ್, ಗಿಟಾರ್, ದನಿ ಎಲ್ಲಕ್ಕೂ ಟೇಪಿನ ಮೇಲೆ ಬೇರೆ ಬೇರೆ ಓಣಿ. ಒಂದೊಂದನ್ನೂ ತಿದ್ದಿ, ಹೆಚ್ಚಿಸಿ, ತಗ್ಗಿಸಿ, ಕೊನೆಗೆ ಹದವಾಗಿ ಬೆರೆಸಬಹುದು. ಈ ಹಾಡಿನ ಬಾಸ್ ಅಷ್ಟು ತುಂಬು, ಅಷ್ಟು ಸ್ವಚ್ಛವಾಗಿ ಕೇಳುವುದಕ್ಕೆ ಇದೇ ಕಾರಣ. ನಾಜಿಯಾ ಆ ಹಾಡಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಪಡೆದಾಗ ಆಕೆಗಿಂತ ಕಿರಿಯ ಗಾಯಕಿ ಆ ಪ್ರಶಸ್ತಿಯನ್ನು ಅದುವರೆಗೆ ಪಡೆದಿರಲಿಲ್ಲ. 1981ರಲ್ಲಿ ಅಪ್ಪಯ್ಯ ಆಕೆಗೆ ‘ಡಿಸ್ಕೋ ದೀವಾನೆ’ ಮಾಡಿಕೊಟ್ಟರು. ಸಿನಿಮಾದ ಹಂಗಿಲ್ಲದೆ ಹಾಡಿನ ಆಲ್ಬಂ ಈ ನೆಲದಲ್ಲಿ ಮಾರಾಟವಾಗಬಲ್ಲದು ಎಂದು ಕಂಪನಿಗಳಿಗೆ ಮನವರಿಕೆ ಮಾಡಿದ್ದು ಅದು.

1995ರ ‘ಮೇಡ್ ಇನ್ ಇಂಡಿಯಾ’ ಕೂಡ ಅಪ್ಪಯ್ಯ ಮೊದಲು ಯೋಚಿಸಿದ್ದು ನಾಜಿಯಾಗಾಗಿ. ಆ ಸಾಲು ಹಾಡಿದರೆ ಪಾಕಿಸ್ತಾನದಲ್ಲಿ ಜನರ ಮನ ನೋಯುತ್ತದೆಂದು ಆಕೆ ಒಲ್ಲೆ ಎಂದರು, ಹಾಡು ಅಲೀಷಾ ಚಿನಾಯ್ ಪಾಲಾಯಿತು. ನಾಜಿಯಾ 2000ದ ಆಗಸ್ಟಿನಲ್ಲಿ, ಮೂವತ್ತೈದರ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ಲಂಡನ್ನಿನಲ್ಲಿ ತೀರಿಕೊಂಡರು. ಫಿರೋಜ್ ಖಾನ್ 2009ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಬಂದು ಇಲ್ಲಿಯೇ ಕೊನೆಯುಸಿರೆಳೆದರು. ಹೊಸೂರು ರಸ್ತೆಯ ಕಬರಸ್ತಾನದಲ್ಲಿ ತಾಯಿಯ ಸಮಾಧಿಯ ಬಳಿ ಅವರ ಸಮಾಧಿ ಇದೆ.

ಕನ್ನಡ ಸಿನಿಮಾ ಈ ಅಲೆಯಿಂದ ದೂರ ಉಳಿದಿತ್ತೇ? ಇಲ್ಲ, ನಡುಮಧ್ಯೆ ಇತ್ತು. 1978ರಲ್ಲಿ ದೊರೈ ಭಗವಾನ್ ನಿರ್ದೇಶನದ ‘ಆಪರೇಷನ್ ಡೈಮಂಡ್ ರಾಕೆಟ್’ಗೆ ಜಿ.ಕೆ. ವೆಂಕಟೇಶ್ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಒಂದು ಇಂಗ್ಲಿಷ್ ಹಾಡನ್ನೇ ಹಾಡಿದರು, ‘ಇಫ್ ಯು ಕಮ್ ಟುಡೇ’. ಅದೇ ವರ್ಷ ‘ಶಂಕರ್ ಗುರು’ವಿನಲ್ಲಿ ಉಪೇಂದ್ರಕುಮಾರ್, ರಾಜ್‌ಕುಮಾರ್ ಅವರಿಂದ ‘ಲವ್ ಮಿ ಆರ್ ಹೇಟ್ ಮಿ’ ಹಾಡಿಸಿದರು. ಮೊದಲ ಹಾಡನ್ನು ಮೂವತ್ತು ವರ್ಷ ಬಿಟ್ಟು ಅಂತರ್ಜಾಲದಲ್ಲಿ ಕಂಡವರು ನಕ್ಕದ್ದೂ ಉಂಟು. ಕಣ್ಣುಮುಚ್ಚಿ ಕೇಳಿದರೆ ನಗು ಬರುವುದಿಲ್ಲ. ರಂಗಭೂಮಿಯ ಗಂಟಲಿನ ಒಬ್ಬ ಮಹಾಗಾಯಕ ತನಗೆ ಬಾರದ ಭಾಷೆಯ ಲಯವನ್ನು ಹೇಗೆ ಶ್ರದ್ಧೆಯಿಂದ ಹಿಡಿಯುತ್ತಾನೆ ಎಂಬುದು ಕೇಳುತ್ತದೆ. ಇನ್ನು ಜಿ.ಕೆ. ವೆಂಕಟೇಶರ ಬಳಿ ಸಹಾಯಕರಾಗಿ, ಗಿಟಾರ್ ನುಡಿಸುತ್ತ ಕನ್ನಡ ಚಿತ್ರಗಳಲ್ಲಿ ಪಳಗಿದವರು ಇಳಯರಾಜ. ಅವರೇ 1981ರಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ ‘ಗೀತಾ’ಕ್ಕೆ ಸಂಗೀತ ಕೊಟ್ಟರು. ‘ಸಂತೋಷಕ್ಕೆ’ ಹಾಡಿನ ಡ್ರಮ್ಸ್, ಬಾಸ್‌ಗಳನ್ನು ಹಿಂದೆ ಹೇಳಿದ ಲಂಡನ್ ತಟ್ಟೆಗಳ ಪಕ್ಕದಲ್ಲಿಟ್ಟು ಕೇಳಿ. ಆಟೊ ಚಾಲಕರ ದೈವವಾದ ಶಂಕ್ರಣ್ಣನ ಹಾಡು ಮತ್ತು ದಂಡಿನ ಕ್ಲಬ್ಬಿನ ಹಾಡು ಒಂದೇ ತಾಳದ ಮೇಲೆ ನಿಂತಿವೆ. ಈ ರಾಜ್ಯದ ಯಾವ ಆರ್ಕೆಸ್ಟ್ರಾ ವೇದಿಕೆಯೂ ಆ ಹಾಡನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಇಂಥ ಸಂಗೀತ ಬೆಳೆಯಲು ಬೇಕಾದದ್ದು ಸಣ್ಣ ಕೋಣೆಗಳು. ಅಲ್ಲಿ ಹೊಸಬರು ತಪ್ಪು ನುಡಿಸಬಹುದು, ಮುಂದಿನ ವಾರ ತಿದ್ದಿಕೊಂಡು ಬರಬಹುದು. ಇಂದಿರಾನಗರ ಒಂದಷ್ಟು ವರ್ಷ ಅಂಥ ಜಾಗವಾಗಿತ್ತು. 2013ರಲ್ಲಿ ತೆರೆದ ‘ದ ಹಮ್ಮಿಂಗ್ ಟ್ರೀ’ 2019ರಲ್ಲಿ ಮುಚ್ಚಿತು. ಹೋಟೆಲು, ಬಾರುಗಳಲ್ಲಿ ಸಂಗೀತ ನುಡಿಸಲು ಪೊಲೀಸ್ ಪರವಾನಗಿ ಬೇಕೆನ್ನುವ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ರಾತ್ರಿಯ ಗದ್ದಲದಿಂದ ನಿದ್ದೆಗೆಟ್ಟ ನಿವಾಸಿಗಳ ನೋವು ಸುಳ್ಳಲ್ಲ. ಆದರೆ ಸ್ಪೀಕರಿನ ಗದ್ದಲಕ್ಕೂ ಗಿಟಾರ್ ಹಿಡಿದ ನಾಲ್ವರು ಹುಡುಗರಿಗೂ ಒಂದೇ ಅಳತೆಗೋಲು ಸಲ್ಲದು ಎಂದು ನಾನು ನಂಬುತ್ತೇನೆ.

ಜೊತೆಗೆ ಇನ್ನೊಂದು ಕೆಲಸ ತುರ್ತಾಗಿ ಆಗಬೇಕು. ಟಿ.ಎ.ಎಸ್. ಮಣಿ ಇಲ್ಲ, ಕೆನ್ ಜ್ಞಾನಕನ್ ಇಲ್ಲ. ರೇಡಿಯೊ ಸಿಲೋನ್ ಕೇಳಿ ಹಾಡು ಗೀಚಿಕೊಂಡವರಿಗೆ ಈಗ ಎಂಬತ್ತರ ಸುಮಾರು. ಕಾಕ್ಸ್ ಟೌನ್, ಹಲಸೂರು, ವೈಟ್‌ಫೀಲ್ಡ್‌ಗಳ ಮನೆಗಳಲ್ಲಿ, ಅಥವಾ ಮಕ್ಕಳ ಜೊತೆ ಮೆಲ್ಬರ್ನ್, ಪರ್ತ್‌ಗಳಲ್ಲಿ ಇರುವ ಅವರ ಮಾತನ್ನು, ಹಳೆಯ ಕಾರ್ಯಕ್ರಮ ಪಟ್ಟಿಗಳನ್ನು, ಫೋಟೊಗಳನ್ನು ಕನ್ನಡದಲ್ಲಿ ದಾಖಲಿಸಿಕೊಳ್ಳಬೇಕು. ಅಪ್ಪಯ್ಯ ತಮ್ಮ ಕಥೆಯನ್ನು 2010ರಲ್ಲಿ ‘ಮೇಡ್ ಇನ್ ಇಂಡಿಯಾ’ ಎಂಬ ಆತ್ಮಕಥೆಯಾಗಿ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಅದು ಕನ್ನಡಕ್ಕೆ ಬಂದರೆ ನಾನು ಸಾಲಿನಲ್ಲಿ ಮೊದಲಿಗ.

ಕುಂಗ್ ಫು ಎಳೆಯ ಒಂದು ತುದಿ ಮಾತ್ರ ಇನ್ನೂ ಈ ಊರಿನಲ್ಲೇ ಹಾಡುತ್ತಿದೆ. 1996ರಲ್ಲಿ ಕಾಲೇಜು ಗೆಳೆಯರು ಕಟ್ಟಿದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’, ತನ್ನದೇ ಹಾಡುಗಳನ್ನು ಬರೆದು ನುಡಿಸುವ ಬೆಂಗಳೂರಿನ ಹಳೆಯ ರಾಕ್ ತಂಡಗಳಲ್ಲಿ ಒಂದು. ಅದರ ಗಿಟಾರ್ ವಾದಕ, ಮುಖ್ಯ ಗಾಯಕನ ಹೆಸರು ಬ್ರೂಸ್ ಲೀ ಮಣಿ.